ಬಾಗಿಲ ಹಿಂದಿನ ಕೊಕ್ಕೆ

ಇನ್ನೂರು ಆರ್ಕಿಟೆಕ್ಟುಗಳಿರುವ ನಮ್ಮ ಆಫೀಸಿನಲ್ಲಿ ವಿಮಾನ ನಿಲ್ದಾಣದ ಚಾವಣಿ ಬಾಸ್ ಪಾಲಾಯಿತು, ಟಾಯ್ಲೆಟ್ಟುಗಳು ನನ್ನ ಪಾಲಾದವು. ಬಾಗಿಲ ಹಿಂದೆ ಬ್ಯಾಗ್ ತೂಗುಹಾಕಲು ಕೊಕ್ಕೆ ಬೇಕೆಂದು ಪ್ರತಿ ಮೀಟಿಂಗಿನಲ್ಲೂ ಗಂಟಲು ಹರಿದುಕೊಂಡೆ.

"ಬಾಗಿಲಿನ ಅಂದ ಕೆಡುತ್ತಮ್ಮ," ಅನ್ನುತ್ತಿದ್ದರು ಜನ್ಮದಲ್ಲಿ ಹೆಗಲಿಗೆ ಬ್ಯಾಗ್ ಹಾಕದ ಬಾಸ್. ಕೊನೆಗೆ ನನ್ನ ಕಾಟ ತಾಳಲಾರದೆ ಒಪ್ಪಿದರು.

"ಆ ವಿಮಾನ ನಿಲ್ದಾಣದಲ್ಲಿ ನಿಂದು ಯಾವ ಭಾಗ?" ಎಂದು ಅಮ್ಮ ಕೇಳಿದಾಗಲೆಲ್ಲ, ಕಟ್ಟಿ ಮುಗಿದ ಮೇಲೆ ತೋರಿಸ್ತೀನಿ ಎಂದು ಜಾರಿಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಕರೆದುಕೊಂಡು ಹೋದೆ. ಚಾವಣಿಯತ್ತ ಕತ್ತೆತ್ತಿಯೂ ನೋಡದೆ ನೇರ ಟಾಯ್ಲೆಟ್ಟಿಗೆ ನಡೆದವಳು ಮುಖ ಅರಳಿಸಿಕೊಂಡು ಹೊರಬಂದಳು.

"ಬ್ಯಾಗಿಗೆ ಕೊಕ್ಕೆ ಇದೆ ಕಣೇ. ಬೇರೆ ಕಡೆಯೆಲ್ಲ ಹಲ್ಲಲ್ಲಿ ಕಚ್ಕೊಂಡು ಕೂರಬೇಕು. ಯಾರೋ ತಲೆ ಇರೋರು ಮಾಡಿದಾರೆ."

ನಾನು ಹಿಗ್ಗಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ಹಿಡಿದೆಳೆದಳು.

"ಸರಿ, ಈಗ ನೀನು ಮಾಡಿದ್ದು ತೋರಿಸು ನಡಿ."