ಡೆಲವೇರ್‌ನ ಓಟು

ಶನಿವಾರ ಮಧ್ಯಾಹ್ನ ಮೂರು ಗಂಟೆ. ಅಮೆರಿಕದ ಫ್ರೀಮಾಂಟ್ ಊರಿನ ಬಾಡಿಗೆ ಹಾಲ್‌ನಲ್ಲಿ ಬಿಳಿ ವಿಗ್ಗು ತೊಟ್ಟ ಹದಿನೆಂಟು ಮಂದಿ ಕನ್ನಡಿಗರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರೈವತ್ತು ವರ್ಷ ತುಂಬುತ್ತದೆಂದು ಶಿವಾನಿ ತೆಗೆಯುತ್ತಿದ್ದ ಕನ್ನಡ ಹಾಡುಗಳ ಸಿನಿಮಾಕ್ಕೆ ಉಳಿದಿದ್ದು ಒಂದೇ ದೃಶ್ಯ. ಫಿಲಡೆಲ್ಫಿಯಾದ ಸಭೆಯಲ್ಲಿ ಬ್ರಿಟಿಷರಿಂದ ಬಿಡುಗಡೆ ಬೇಕೋ ಬೇಡವೋ ಎಂದು ಮತ ಹಾಕುತ್ತಿದ್ದಾರೆ. ಡೆಲವೇರ್ ಪ್ರಾಂತದಿಂದ ಬಂದ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬ ಹೌದೆನ್ನುತ್ತಾನೆ, ಒಬ್ಬ ಬೇಡವೆನ್ನುತ್ತಾನೆ. ಮೂರನೆಯವನು ಮಳೆಯಲ್ಲಿ ಎಂಬತ್ತು ಮೈಲಿ ಕುದುರೆ ಓಡಿಸಿಕೊಂಡು ಬಂದು, ಕೆಸರುಗಾಲಲ್ಲೇ ನಿಂತು 'ಹೌದು' ಎಂದು ಹಾಡಬೇಕು.

ಆ ಮೂರನೆಯವನ ಪಾರ್ಟು ಲೋಹಿತನದು. ತುರ್ತು ಕೆಲಸವೆಂದು ಮೆನ್ಲೋ ಪಾರ್ಕಿನ ಆಫೀಸಿಗೆ ಹೋದವನು, ವಾಪಸು ಬರುವಾಗ ಕೊಲ್ಲಿ ದಾಟುವ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. ನಾಲ್ಕಕ್ಕೆ ಹಾಲ್ ಖಾಲಿ ಮಾಡಬೇಕು. ಶಿವಾನಿಯ ಮುಖ ಬಾಡಿತು.

ಊರಿಂದ ಬಂದಿದ್ದ ಅವಳ ಮಾವ ಸಿದ್ರಾಮಪ್ಪ ಗಿರಮಿಟ್ಟು ಚುರುಮುರಿಯ ಡಬ್ಬಿಯ ಪಕ್ಕ ಕೂತು ಎಲ್ಲ ನೋಡುತ್ತಿದ್ದ. ಬೈಲಹೊಂಗಲದ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಹರೆಯದಲ್ಲಿ ಊರಿನ ಸಣ್ಣಾಟದ ಮೇಳದಲ್ಲಿ ರಂಗದ ಮೇಲೆ ಹಾಡಿದವನು. ಸೊಸೆ ಅಡಿಗೆಮನೆಯಲ್ಲಿ ದಿನವೂ ಗುನುಗಿ ಗುನುಗಿ ಆ ಹಾಡು ಅವನಿಗೂ ಬಾಯಿಪಾಠ. ಎದ್ದು ನಿಂತೇಬಿಟ್ಟ.

"ನಾ ಹಾಡ್ಲೇನವಾ?"

"ಮಾವಾರ, ನೀವಾ?"

"ನನಗ ನಮ್ಮ ಕಡೆ ಮಾತಷ್ಟ ಬರ್ತದ. ಆದ್ರ ಹಾಡು ಪೂರಾ ಬರ್ತದ."

ಶಿವಾನಿ ಅನುಮಾನಿಸಿದಳು. ಕ್ಯಾಮೆರಾ ಹಿಂದಿನಿಂದ ಮಧುಕರ್ ಕೂಗಿದ: "ಆ ಡೆಲವೇರ್‌ನವನು ಬೆಂಗಳೂರು ಕನ್ನಡ ಮಾತಾಡ್ತಿದ್ನಾ? ಅಂಕಲ್‌ಗೆ ಬೂಟ್ಸ್ ಕೊಡಿ!"

ಹಾಲ್ ತುಂಬ ನಗು. ಬೂಟು ದೊಡ್ಡದಾಯಿತು, ಒಳಗೆ ಎರಡೆರಡು ಕಾಲುಚೀಲ ತುರುಕಿದರು. ಮೇಲೆ ಕಾಫಿಪುಡಿಯ ಕೆಸರು ಬಳಿದರು.

"ಆ್ಯಕ್ಷನ್!"

ಸಿದ್ರಾಮಪ್ಪ ಬಾಗಿಲು ತಳ್ಳಿಕೊಂಡು ಓಡಿಬಂದ. ಏದುಸಿರು ನಟನೆಯದಲ್ಲ, ನಿಜದ್ದೇ. ಕಿವಿಯ ಮೇಲೆ ಕೈಯಿಟ್ಟು ಸ್ವರ ಎತ್ತಿದ: "ಕೆಸರಗಾಲಿಲೆ ಬಂದೇನಿ, ಕೇಳ್ರಿ ಸಭಾದವರ..." ಕೊನೆಯ ಸಾಲು ಸಂತೆಗೇ ಕೇಳಿಸುವಷ್ಟು ಮೇಲೇರಿತು. ಸುಮ್ಮನೆ ಕೂತಿರಬೇಕಿದ್ದ ಸಭಾಸದರು ಮೈಮರೆತು ಎದ್ದು "ಹೌದು! ಹೌದು!" ಎಂದು ಮೇಜು ಬಡಿದರು. ಶಿವಾನಿ ಕಟ್ ಹೇಳುವುದನ್ನೇ ಮರೆತಳು.

ಹಾಡು ಮುಗಿದಾಗ ಬಾಗಿಲಲ್ಲಿ ಲೋಹಿತ್ ನಿಂತಿದ್ದ. ಕೊರಳಲ್ಲಿ ಇನ್ನೂ ಆಫೀಸಿನ ಬ್ಯಾಡ್ಜು. ಸಿದ್ರಾಮಪ್ಪ ನಾಚಿದ.

"ತಮ್ಮಾ, ನಿನ್ನ ಪಾರ್ಟು ನುಂಗಿದ್ನೆಪಾ."

"ನಾನು ಹಾಡಿದ್ರೆ ಇದರ ಕಾಲುಭಾಗವೂ ಬರ್ತಿರ್ಲಿಲ್ಲ ಅಂಕಲ್," ಎಂದು ಲೋಹಿತ್ ಅವನನ್ನು ಅಪ್ಪಿಕೊಂಡ.

ಶಿವಾನಿ ಕಣ್ಣೊರೆಸಿಕೊಂಡಳು. "ಇದ ಇರ್ಲಿ ಮಾವಾರ. ಮುಗೀತು."

"ಅಲ್ಲವಾ, ನಡುವ ಒಂದ್ಕಡೆ ಉಸುರು ಸಾಲ್ಲಿಲ್ಲ. ಇನ್ನೂ ಹನ್ನೆರಡು ನಿಮಿಷ ಅದಾವಲ್ಲ?" ಎಂದವನೇ, ಯಾರ ಉತ್ತರಕ್ಕೂ ಕಾಯದೆ, ಮತ್ತೆ ಓಡಿಬರಲು ಬಾಗಿಲಾಚೆ ಹೊರಟ.