ಸಾಕಮ್ಮ ಆರಿಸಿದ ರೀಲು

ನಾನು ಒಂದು ರೀಲು. ಹೊಲಿಗೆ ದಾರದ್ದಲ್ಲ, ಮೀನು ಹಿಡಿಯುವ ಕೋಲಿನ ಬುಡಕ್ಕೆ ಕಟ್ಟುವ ರೀಲು. ದೊಡ್ಡ ನದಿಗೆ, ದೊಡ್ಡ ಮೀನಿಗೆ ನನ್ನನ್ನು ಮಾಡಲಿಲ್ಲ. ಗರಿ ಮತ್ತು ನೂಲಿನಿಂದ ಕಟ್ಟಿದ ಹುಸಿ ನೊಣವನ್ನು ಸಣ್ಣ ಹಳ್ಳದ ನೀರಿನ ಮೇಲೆ ತೇಲಿಬಿಟ್ಟು, ಮೀನನ್ನು ಮರುಳು ಮಾಡಿ ಹಿಡಿಯುವವರಿಗಾಗಿ ಮಾಡಿದರು. ಅಂಗೈಯಲ್ಲಿಟ್ಟು ಬೆರಳು ಮಡಿಸಿದರೆ ಮರೆಯಾಗಿಬಿಡುತ್ತೇನೆ, ಅಷ್ಟೇ ನನ್ನ ಗಾತ್ರ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಲೇತ್ ಶೆಡ್ಡಿನಲ್ಲಿ. ಅಲ್ಲಿ ಪಂಪುಗಳ ಬಿಡಿಭಾಗಗಳು ತಯಾರಾಗುತ್ತಿದ್ದವು. ಮಾಲೀಕರಿಗೆ ಮೀನಿನ ಹುಚ್ಚು. ಕೆಲಸ ಕಡಿಮೆಯಿದ್ದಾಗ ಉಳಿದ ಅಲ್ಯುಮಿನಿಯಂ ತುಂಡುಗಳಲ್ಲಿ ನನ್ನಂಥವರನ್ನು ಕಡೆಸುತ್ತಿದ್ದರು. ತೂಕ ಇಳಿಯಲೆಂದು ನನ್ನ ಎರಡೂ ಕೆನ್ನೆಗಳಿಗೆ ತೂತು ಕೊರೆದರು. ಒಳಗೆ ಒಂದು ಹಲ್ಲುಚಕ್ರ, ಅದಕ್ಕೆ ಒತ್ತಿ ನಿಲ್ಲುವ ಉಕ್ಕಿನ ಪುಟ್ಟ ನಾಲಿಗೆ. ದಾರ ಎಳೆದಾಗ ಚಕ್ರದ ಹಲ್ಲುಗಳು ಆ ನಾಲಿಗೆಯನ್ನು ಮೀಟುತ್ತವೆ, ಕಿರ್ರ್ ಎಂದು ಶಬ್ದ ಬರುತ್ತದೆ. ನನ್ನ ಅಂಚು ಉಜ್ಜಿ ನಯ ಮಾಡಿದ ಗಂಗವ್ವ ಒಮ್ಮೆ ಎಳೆದು ನೋಡಿ, “ಯವ್ವಾ, ಇದಕ ಬಾಯಿ ಭಾಳ ಐತ್ರೀ, ಥೇಟ್ ನಮ್ಮ ಅತ್ತಿ ಹಂಗ!” ಎಂದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಆದರೂ ಕಳಿಸುವಾಗ ಗೀರು ಬೀಳಬಾರದೆಂದು ತನ್ನ ಹಳೆಯ ಸೀರೆಯ ಸೆರಗು ಹರಿದು ಸುತ್ತಿ ಕಳಿಸಿದವಳು ಅವಳೇ.

ಹಾಸನದ ಬಸ್ ನಿಲ್ದಾಣದ ಎದುರು ಖಾದರ್ ಸಾಹೇಬರ ಅಂಗಡಿ. ಬಲೆ, ಗಾಳ, ಛತ್ರಿಗಳ ನಡುವೆ ಗಾಜಿನ ಕಪಾಟಿನಲ್ಲಿ ಬಹಳ ಕಾಲ ಕುಳಿತಿದ್ದೆ. ಕೇಳಿದವರೆಲ್ಲ ಒಮ್ಮೆ ಎಳೆದು, “ಇದೇನ್ ಸಾಬ್ರೇ, ಮೀನೆಲ್ಲ ಓಡೋಗ್ತವೆ,” ಎಂದು ಕೆಳಗಿಟ್ಟು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಒಬ್ಬ ಎತ್ತರದ ಮುದುಕರು, ಅವರ ಜೊತೆ ಒಬ್ಬ ಹೆಂಗಸು ಬಂದರು. ಅವರು ಸಕಲೇಶಪುರದ ತಮ್ಮೇಗೌಡರು, ಆಕೆ ಅವರ ಹೆಂಡತಿ ಸಾಕಮ್ಮ. ಗೌಡರು ಬಸ್ ಕಂಡಕ್ಟರಾಗಿದ್ದವರು. ಅವರ ಬಸ್ಸು ರಾತ್ರಿ ತಂಗುತ್ತಿದ್ದ ಹಳ್ಳಿಯ ಪಕ್ಕ ಒಂದು ಹಳ್ಳ ಹರಿಯುತ್ತಿತ್ತು. ಅಲ್ಲಿಗೆ ಮೀನಿಗೆ ಬರುತ್ತಿದ್ದ ಒಬ್ಬರಿಂದ ಈ ವಿದ್ಯೆ ಕಲಿತು, ಅವರದೇ ಹಳೆಯ ಕೋಲನ್ನು ಪಡೆದಿದ್ದರು. ಈಗ ಗೌಡರ ಕೊರಳಿಗೆ ಒಂದು ತೆಳು ಬಟ್ಟೆ ಕಟ್ಟಿತ್ತು. ಗಂಟಲಿನ ಕಾಯಿಲೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಟಕ್ಕೆಂದು ಕತ್ತಿನ ಬುಡದಲ್ಲಿ ಒಂದು ತೂತು ಮಾಡಿದ್ದರು. ಮಾತಿಲ್ಲ. ತುಟಿ ಆಡಿಸುತ್ತಿದ್ದರು, ತಿಳಿಯದಿದ್ದರೆ ಸಾಕಮ್ಮನ ಅಂಗೈಯಲ್ಲಿ ಬೆರಳಿನಿಂದ ಬರೆಯುತ್ತಿದ್ದರು.

“ಹಗುರಾಗಿರೋದು ಬೇಕು ಸಾಬ್ರೇ. ಆಪರೇಷನ್ ಆದ್ಮೇಲೆ ಬಲಗಡೆ ಹೆಗಲಲ್ಲಿ ಶಕ್ತಿ ಇಲ್ಲ,” ಎಂದಳು ಸಾಕಮ್ಮ.

ಖಾದರ್ ಸಾಹೇಬರು ನಮ್ಮಲ್ಲಿ ಮೂವರನ್ನು ಮುಂದಿಟ್ಟರು. ಒಂದು ಹೊಳೆಯುವ ವಿದೇಶಿ ರೀಲು, ಉಸಿರೂ ಕೇಳದಂತೆ ತಿರುಗುತ್ತಿತ್ತು. ಇನ್ನೊಂದು ಪ್ಲಾಸ್ಟಿಕ್ಕಿನದು, ಹತ್ತಿಯಂತೆ ಹಗುರ. ಮೂರನೆಯದು ನಾನು. ಗೌಡರು ಹೊಳೆಯುವುದನ್ನು ಎತ್ತಿಕೊಂಡು ಮಗುವಿನಂತೆ ನಕ್ಕರು. ಸಾಕಮ್ಮ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದು ಕೆಳಗಿಟ್ಟಳು. ಪ್ಲಾಸ್ಟಿಕ್ಕಿನ ಹಿಡಿಯನ್ನು ಒತ್ತಿ ನೋಡಿ, “ಇದು ಒಂದು ಮಳೆಗಾಲಾನೂ ಬಾಳಲ್ಲ,” ಎಂದಳು. ಆಮೇಲೆ ನನ್ನನ್ನು ಗಂಡನ ಕೈಗೆ ಕೊಟ್ಟು, “ರೀ, ರಸ್ತೆ ದಾಟಿ ಆ ಕಡೆ ಹೋಗಿ ಎಳೀರಿ,” ಎಂದು ಕಣ್ಣು ಮುಚ್ಚಿ ನಿಂತಳು.

ಗೌಡರು ರಸ್ತೆಯಾಚೆ ಹಣ್ಣಿನ ಗಾಡಿಯ ಪಕ್ಕ ನಿಂತು ದಾರ ಎಳೆದರು. ಬಸ್ಸುಗಳ ಹಾರನ್ನಿನ ನಡುವೆ ನಾನು ಕಿರ್ರ್ ಎಂದೆ. ಸಾಕಮ್ಮನ ಮುಖ ಅರಳಿತು. ಗೌಡರು ನನ್ನನ್ನು ಹಿಡಿದು ಮತ್ತೆ ಅಂಗಡಿಗೆ ಬಂದರು.

“ಕೇಳಿಸ್ತು. ಇದೇ ಇರಲಿ.”

“ಅಲ್ಲಮ್ಮಾ, ಶಬ್ದ ಯಾತಕ್ಕೆ? ಒಂದು ಸೀಟಿ ಊದಿದ್ರಾಯ್ತಲ್ಲ?” ಎಂದರು ಖಾದರ್ ಸಾಹೇಬರು.

“ಊದೋಕೆ ಉಸಿರು ಬಾಯಿಗೆ ಬರಬೇಕಲ್ಲ ಸಾಬ್ರೇ, ಇವರಿಗೆ ಕತ್ತಲ್ಲೇ ಹೋಗ್ತದೆ. ಒಂದು ಗಂಟೆ ಇಟ್ಕೊಳ್ಳಿ ಅಂದೆ. ನಾನೇನು ದನವಾ ಅಂತ ಎರಡು ದಿನ ಮುಖ ಊದಿಸ್ಕೊಂಡಿದ್ರು.” ಆಮೇಲೆ ದನಿ ತಗ್ಗಿಸಿದಳು. “ಆ ತೂತಿಗೆ ಒಂದು ಬೊಗಸೆ ನೀರು ಹೋದ್ರೂ ಜೀವಕ್ಕೆ ಅಪಾಯ ಅಂದವ್ರೆ ಡಾಕ್ಟ್ರು. ಸೊಂಟದುದ್ದ ನೀರಲ್ಲಿ ಬಿದ್ರೂ ಸಾಕು. ಕೂಗೋಕೂ ಆಗಲ್ಲ.”

“ಹಂಗಾದ್ರೆ ಹಳ್ಳದ ಕಡೆ ಯಾಕಮ್ಮಾ ಕಳಿಸ್ತೀರ?”

“ಮನೇಲಿ ಕೂರಿಸಿದ್ರೆ ಅದಕ್ಕಿಂತ ಮೊದಲೇ ಹೋಗ್ತಾರೆ,” ಎಂದಳು. ಸಾಹೇಬರು ನನ್ನನ್ನು ಕೈಗೆ ತೆಗೆದುಕೊಂಡರು. ನನ್ನ ನಾಲಿಗೆಯ ಸ್ಕ್ರೂ ಅನ್ನು ತಾವೇ ಇನ್ನೊಂದು ಸುತ್ತು ಬಿಗಿಮಾಡಿ, ಶಬ್ದ ಹೆಚ್ಚಿಸಿ ಕೊಟ್ಟರು.

ಹೀಗೆ ನಾನು ಒಬ್ಬ ಮನುಷ್ಯನ ದನಿಯಾದೆ.

ಗೌಡರು ಈಗ ಹೋಗುತ್ತಿದ್ದ ಹಳ್ಳ ಅವರ ಮನೆಯಿಂದ ಸ್ವಲ್ಪ ದೂರ. ನೀರು ಕಲ್ಲುಗಳ ನಡುವೆ ಇಳಿದು, ಒಂದು ತಿರುವು ದಾಟಿ, ಕಪ್ಪಗಿನ ಒಂದು ಗುಂಡಿಯಲ್ಲಿ ನಿಲ್ಲುತ್ತಿತ್ತು. ಅಲ್ಲಿ ಬಿಸಿಲು ನೀರಿನ ತಳ ಮುಟ್ಟುತ್ತಿರಲಿಲ್ಲ. ಮೀನೂ ಅಲ್ಲೇ ಇರುತ್ತಿತ್ತು. ನನಗೆ ಮೊದಲ ದಿನದಿಂದಲೂ ಆ ಗುಂಡಿಯನ್ನು ಕಂಡರೆ ಆಗುತ್ತಿರಲಿಲ್ಲ. ಸುತ್ತಲೂ ಹರಿಯುವ ನೀರು ಮಾತಾಡುತ್ತಿದ್ದರೆ, ಅದೊಂದು ಮಾತ್ರ ಸುಮ್ಮನಿರುತ್ತಿತ್ತು.

ಸಾಕಮ್ಮ ತಿರುವಿನ ಈಚೆ ಬಂಡೆಯ ಮೇಲೆ ಅವರೆಕಾಯಿ ಬಿಡಿಸುತ್ತಲೋ, ಬತ್ತಿ ಹೊಸೆಯುತ್ತಲೋ ಕೂರುತ್ತಿದ್ದಳು. ಗೌಡರು ದಡದಲ್ಲೇ ನಿಂತು ನೊಣ ಬಿಡುತ್ತಿದ್ದರು, ನಡುನಡುವೆ ಸುಮ್ಮಸುಮ್ಮನೆ ಒಂದು ಮೊಳ ದಾರ ಎಳೆಯುತ್ತಿದ್ದರು. ನಾನು ಕಿರ್ರ್ ಎನ್ನುತ್ತಿದ್ದೆ. ಅತ್ತಲಿಂದ ಸಾಕಮ್ಮ, ಕತೆ ಕೇಳುವವರಂತೆ, “ಹ್ಞೂಂ” ಎನ್ನುತ್ತಿದ್ದಳು. ಶಬ್ದ ಸ್ವಲ್ಪ ತಡವಾದರೆ ಕಾಳಿನ ಮೊರ ಪಕ್ಕಕ್ಕಿಟ್ಟು ಎದ್ದು ಬರುತ್ತಿದ್ದಳು. ಬಂದರೂ ಗಾಬರಿ ತೋರಿಸುತ್ತಿರಲಿಲ್ಲ. “ಎಲೆ ಅಡಿಕೆ ಬೇಕಾ ಅಂತ ಕೇಳೋಕೆ ಬಂದೆ,” ಎನ್ನುತ್ತಿದ್ದಳು. ಗೌಡರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಎಲೆ ತೆಗೆದುಕೊಳ್ಳುತ್ತಿದ್ದರು. ತಮ್ಮನ್ನು ಹೆಂಡತಿ ಹೀಗೆ ಕಾಯುತ್ತಾಳೆಂದು ಸಾಹೇಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಬಾರದೆಂಬುದು ಅವರ ಒಂದೇ ಷರತ್ತು.

ಮಕ್ಕಳಿಲ್ಲದ ಆ ಮನೆಗೆ ಸಾಕಮ್ಮನ ಅಣ್ಣನ ಮಗ ಲೋಹಿತ ಆಗಾಗ ಬರುತ್ತಿದ್ದ. ಹಾಸನದಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದ ಮೂವತ್ತರ ಆಳು. ಗೌಡರ ಆಪರೇಷನ್ ಸಮಯದಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಮಲಗಿ ಕಾದವನು ಅವನೇ. ಒಂದು ಭಾನುವಾರ, ಅತ್ತೆ ಮಾವ ಊಟವಾಗಿ ಒರಗಿದ್ದಾಗ, ಮೂಲೆಯಲ್ಲಿದ್ದ ನನ್ನನ್ನು ಎತ್ತಿ ತಿರುಗಿಸಿದ. ಹಲ್ಲುಗಳ ನಡುವೆ ಮರಳು ಸೇರಿತ್ತು, ನಾಲಿಗೆಗೆ ತುಕ್ಕು ಹತ್ತಿತ್ತು. ಅವನು ಜಗಲಿಯಲ್ಲಿ ಬಟ್ಟೆ ಹಾಸಿ, ನನ್ನನ್ನು ಬಿಚ್ಚಿ, ಹಲ್ಲೊಂದೊಂದನ್ನೂ ಬ್ರಷ್ಷಿನಿಂದ ಉಜ್ಜಿದ. ಅಷ್ಟು ಮುತುವರ್ಜಿಯಿಂದ ಗಂಗವ್ವನ ನಂತರ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಆಮೇಲೆ ತನ್ನ ಬೈಕಿನ ಡಬ್ಬದಿಂದ ದಪ್ಪ ಗ್ರೀಸು ತೆಗೆದು ಚಕ್ರದ ಸುತ್ತಲೂ ತುಂಬಿದ. ನಾಲಿಗೆಯ ಸ್ಕ್ರೂ ಸಡಿಲಿಸಿ, ಅದರ ಕೆಳಗೂ ತುಂಬಿದ.

“ಎಳೀರಿ ಮಾವ! ನೋಡಿ ಹೆಂಗೈತೆ,” ಎಂದು, ಮಾವ ಎದ್ದ ಕೂಡಲೇ ಅವರ ಕೈಗಿಟ್ಟ.

ಗೌಡರು ಎಳೆದರು. ದಾರ ಜಾರಿ ಬಂತು. ನನ್ನಿಂದ ಉಸಿರೂ ಹೊರಡಲಿಲ್ಲ.

“ಶಬ್ದ ಎಲ್ಲೋಯ್ತೋ?” ಸಾಕಮ್ಮ ಬಾಗಿಲಲ್ಲೇ ನಿಂತಿದ್ದಳು.

“ಶಬ್ದ ಬಂದ್ರೆ ಗಾಡಿಗೆ ಕಾಯಿಲೆ ಅಂತ ಅತ್ತೆ! ಹಲ್ಲು ಸವೀತಿತ್ತು. ಈಗ ಇನ್ನೊಂದು ತಲೆಮಾರು ಬರ್ತದೆ, ಬೆಣ್ಣೆ ಹಂಗೆ.” ಅವನ ಮುಖದಲ್ಲಿ ಗ್ರೀಸಿನ ಗೆರೆ, ಕಣ್ಣಿನಲ್ಲಿ ಹೊಳಪು.

ಸಾಕಮ್ಮ ಬಾಯಿ ತೆರೆದಳು. ಗೌಡರು ಅವಳ ಕೈ ಹಿಡಿದು ಅಂಗೈಯಲ್ಲಿ ಬೆರಳಾಡಿಸಿದರು. ಏನು ಬರೆದರೋ ನಾನು ಕಾಣೆ. ಅವಳು ಬಾಯಿ ಮುಚ್ಚಿದಳು. ಗೌಡರು ಅಳಿಯನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಲೋಹಿತ ಹೊರಟುಹೋದ ಮೇಲೆ ಸಾಕಮ್ಮ, “ಇವತ್ತು ಬೇಡ ಕಣ್ರೀ. ಹಾಸನಕ್ಕೆ ಹೋಗಿ ಸಾಬ್ರ ಹತ್ರ ಸರಿಮಾಡಿಸ್ಕೊಂಡು ಬರಾಣ,” ಎಂದಳು. ಮೋಡ ಕವಿದಿತ್ತು, ಮೀನು ಏಳುವ ಹೊತ್ತು. ಗೌಡರು ತುಟಿಯಲ್ಲೇ, ಕಣ್ಣಿಗೆ ಕಾಣೋ ಹಂಗೇ ಇರ್ತೀನಿ, ಎಂದರು. ಅವಳು ಒಪ್ಪಿಕೊಂಡಳು.

ಮೊದಮೊದಲು ಹಾಗೇ ಇದ್ದರು. ಆಮೇಲೆ ಒಂದು ಮೀನು ನೊಣವನ್ನು ಮುಟ್ಟಿ ಬಿಟ್ಟಿತು. ಇನ್ನೊಂದು ಹೆಜ್ಜೆ. ಮತ್ತೊಂದು. ತಿರುವು ಬಂತು. ಗೌಡರು ತಿರುಗಿ ನೋಡಿದರು, ಸಾಕಮ್ಮ ತಲೆ ಬಗ್ಗಿಸಿ ಕಾಳು ಬಿಡಿಸುತ್ತಿದ್ದಳು. ದಾಟಿದರು. ಅಭ್ಯಾಸಬಲದಿಂದ ಒಂದು ಮೊಳ ಎಳೆದರು. ನಾನು ನಾಲಿಗೆ ಎತ್ತಲು ನೋಡಿದೆ. ಗ್ರೀಸು ಬಿಡಲಿಲ್ಲ.

ಅವಳು ತಲೆಯೆತ್ತಿ ಗಂಡನನ್ನು ಕಾಣದೆ ಒಂದು ಕ್ಷಣ ಎದ್ದಿದ್ದಳಂತೆ. ಶಬ್ದ ಬರಲಿಕ್ಕಿಲ್ಲ, ರೀಲೇ ಹಾಗಾಗಿದೆ, ಪದೇ ಪದೇ ಹಿಂದೆ ಹೋದರೆ ಅವರಿಗೆ ಬೇಜಾರು ಎಂದುಕೊಂಡು ಮತ್ತೆ ಕುಳಿತಳಂತೆ. ಇದನ್ನು ಅವಳು ಬಹಳ ದಿನಗಳ ನಂತರ ನನ್ನನ್ನು ಒರೆಸುತ್ತ ತನಗೆ ತಾನೇ ಹೇಳಿಕೊಂಡಳು. ಅಷ್ಟು ದಿನ ನನ್ನ ಮೌನವೆಂದರೆ ಅವಳಿಗೆ ಅಪಾಯ. ಅವತ್ತು ಮಾತ್ರ ಅದಕ್ಕೆ ಅರ್ಥವೇ ಇರಲಿಲ್ಲ.

ಗುಂಡಿಯಲ್ಲಿ ಮೀನು ಕಚ್ಚಿತು. ದೊಡ್ಡದು. ಗೌಡರ ಕಾಲು ಪಾಚಿಯ ಮೇಲೆ ಜಾರಿತು. ನೀರು ಅವರ ಎದೆಗಿಂತ ಮೇಲಿರಲಿಲ್ಲ, ಆದರೆ ಬಿದ್ದವರು ಮುಂದಕ್ಕೆ ಬಿದ್ದರು. ನನ್ನ ಮೈಮೇಲಿದ್ದ ದಾರವೆಲ್ಲ ಒಂದೇ ಸಮನೆ ಬಿಚ್ಚಿಕೊಂಡು ಹೋಯಿತು. ಹಿಂದಿನ ವಾರವಾಗಿದ್ದರೆ ನಾನು ಹಳ್ಳಕ್ಕೆ ಹಳ್ಳವೇ ಎದ್ದು ಕೂರುವಂತೆ ಅರಚುತ್ತಿದ್ದೆ. ಅವತ್ತು ಬೆಣ್ಣೆಯ ಹಾಗೆ ತಿರುಗಿದೆ.

ಗೌಡರ ತಿಥಿಕಾರ್ಯದ ದಿನ ಮನೆ ತುಂಬ ಜನ. ಖಾದರ್ ಸಾಹೇಬರೂ ಹಾಸನದಿಂದ ಬಂದಿದ್ದರು. ನಾನು ಕೋಲಿನ ಜೊತೆ ಜಗಲಿಯ ಮೂಲೆಯಲ್ಲಿದ್ದೆ. ಲೋಹಿತ ಕಂಬಕ್ಕೊರಗಿ ಕುಳಿತಿದ್ದ, ಅತ್ತು ಅವನ ಮುಖ ಬಾತಿತ್ತು. ಸಾಹೇಬರು ನನ್ನನ್ನು ಕಂಡು ಹತ್ತಿರ ಬಂದು, ಕೋಲಿನಿಂದ ಬಿಚ್ಚಿ ಕೈಗೆತ್ತಿಕೊಂಡರು.

“ಇದು ಕೂಗಲಿಲ್ವಾ ಅಮ್ಮಾ? ನಾನೇ ಬಿಗಿ ಮಾಡಿ ಕೊಟ್ಟಿದ್ದೆ. ಶಬ್ದ ಬರ್ಲಿ ಅಂತಾನೇ ತಾನೇ ನೀವು ಇದನ್ನ ಆರಿಸಿದ್ದು?”

ಲೋಹಿತ ತಲೆಯೆತ್ತಿದ. “ಶಬ್ದ ಬರ್ಲಿ ಅಂತಾನಾ? ಯಾಕೆ?”

ಸಾಹೇಬರ ಬೆರಳು, ಮತ್ತೆ ಸುತ್ತಿಟ್ಟಿದ್ದ ನನ್ನ ದಾರದ ತುದಿಯ ಮೇಲಿತ್ತು. ಎಳೆದರೆ ಮುಗಿಯಿತು, ನನ್ನ ಬಾಯಿ ಕಟ್ಟಿರುವುದು ಬಯಲಾಗುತ್ತಿತ್ತು. ಸಾಕಮ್ಮ ಎದ್ದು ಬಂದಳು. ಬಿಂದಿಗೆ ಇಸಿದುಕೊಳ್ಳುವಷ್ಟು ಸಹಜವಾಗಿ ನನ್ನನ್ನು ಅವರ ಕೈಯಿಂದ ಇಸಿದುಕೊಂಡು ಸೆರಗಿನೊಳಗಿಟ್ಟಳು.

“ಕೂಗ್ತು ಸಾಬ್ರೇ,” ಎಂದಳು. “ಗ್ರೀಸು ಹಾಕಿದ್ರೂ ಇದರ ಬಾಯಿ ಪೂರ್ತಿ ಮುಚ್ಚಿರ್ಲಿಲ್ಲ. ಕೂಗೇ ಕೂಗ್ತು. ನನಗೇ ನಿದ್ದೆ ಬಂದುಬಿಟ್ಟಿತ್ತು.”

ಒಳಗಿನಿಂದ ಯಾರೋ ಹೆಂಗಸು, “ನಿದ್ದೆ ಮಾಡಿದ್ಲಂತೆ, ಕೇಳುದ್ಯಾ,” ಎಂದದ್ದು ಕೇಳಿಸಿತು.

“ನಿದ್ದೆ ಮಾಡಿದ್ರಾ ಅತ್ತೆ?” ಲೋಹಿತನ ದನಿ ಒಡೆಯಿತು. “ಮಾವ ಅಲ್ಲಿ ನೀರಲ್ಲಿ... ನೀವು ನಿದ್ದೆ ಮಾಡಿದ್ರಾ?”

“ಹ್ಞೂಂ,” ಎಂದಳು ಸಾಕಮ್ಮ.

ಅವಳ ಸೆರಗಿನೊಳಗೆ ನಾನಿದ್ದೆ. ನನ್ನ ಕೆನ್ನೆಯ ತೂತುಗಳಿಗೆ ಅವಳ ಎದೆ ಬಡಿತ ತಾಗುತ್ತಿತ್ತು. ಖಾದರ್ ಸಾಹೇಬರು ಅವಳನ್ನೂ, ಲೋಹಿತನ ಉಗುರಿನ ಸಂದಿಯ ಕಪ್ಪನ್ನೂ ಬಹಳ ಹೊತ್ತು ನೋಡಿದರು. ಆಮೇಲೆ, “ವಯಸ್ಸಾಯ್ತಲ್ಲಮ್ಮಾ, ನಿದ್ದೆ ಬರ್ತದೆ,” ಎಂದಷ್ಟೇ ಹೇಳಿ ಚಪ್ಪಲಿ ಹುಡುಕಿದರು.

ಲೋಹಿತ ಮೂರು ಸಂಕ್ರಾಂತಿ ಆ ಮನೆಗೆ ಕಾಲಿಡಲಿಲ್ಲ. ನೆಂಟರ ಮನೆಯ ಮದುವೆಗಳಲ್ಲಿ ಸಾಕಮ್ಮನ ಬೆನ್ನ ಹಿಂದೆ ಮಾತು ಎದ್ದೇಳುತ್ತಿತ್ತಂತೆ. ಅವಳು ಹೋಗುವುದನ್ನೇ ಬಿಟ್ಟಳು. ಕೋಲನ್ನು ಯಾರಿಗೋ ಕೊಟ್ಟಳು. ಕೇಳಿದವರಿಗೆಲ್ಲ ರೀಲು ಹಳ್ಳದಲ್ಲಿ ಹೋಯಿತೆಂದಳು. ನನ್ನನ್ನು ಬಿಸ್ಕತ್ತಿನ ತಗಡು ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಟ್ಟಳು.

ನಾಲ್ಕನೆಯ ವರ್ಷ ಲೋಹಿತ ತಾನಾಗಿಯೇ ಬಂದ. ಅವನಿಗೆ ಮಗಳು ಹುಟ್ಟಿದ್ದಳು, ಅತ್ತೆಗೆ ತೋರಿಸಲು ಎತ್ತಿಕೊಂಡು ಬಂದಿದ್ದ. ಉಳಿದುಕೊಂಡು ಮನೆಗೆ ಸುಣ್ಣ ಹೊಡೆಯಲು ನಿಂತ. ಅಟ್ಟದ ಸಾಮಾನು ಇಳಿಸುವಾಗ ನನ್ನ ಡಬ್ಬ ಅವನ ಕೈಗೆ ಸಿಕ್ಕಿತು. ಮುಚ್ಚಳಕ್ಕೆ ಬೆರಳು ಕೊಟ್ಟ. ತುಕ್ಕಿಗೆ ಅದು ಬಿಗಿದಿತ್ತು.

“ಇದರಲ್ಲೇನೈತೆ ಅತ್ತೆ, ಭಾರ ಐತಲ್ಲ?”

ಕೆಳಗೆ ಸಾಕಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಕೈ ನಿಂತಿತೋ ಏನೋ, ಮಗು ಕಾಲು ಬಡಿಯುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

“ಹಳೇ ಗುಂಡಿ, ಸೂಜಿ ಕಣೋ. ಇಟ್ಬಿಡು ಅಲ್ಲೇ.”

ಅವನು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗುಂಡಿ ಸೂಜಿಗಳಾದರೆ ಗಲಗಲ ಎನ್ನಬೇಕಿತ್ತು. ಗ್ರೀಸು ಅಷ್ಟು ವರ್ಷಗಳಲ್ಲಿ ಮೇಣದಂತೆ ಗಟ್ಟಿಯಾಗಿ, ನನ್ನನ್ನು ತಗಡಿನ ತಳಕ್ಕೇ ಅಂಟಿಸಿತ್ತು. ಒಳಗಿನಿಂದ ಒಂದು ಸದ್ದೂ ಹೊರಡಲಿಲ್ಲ. ಅವನು ಇನ್ನೊಮ್ಮೆ ಅಲ್ಲಾಡಿಸಿ, ಅಂಗೈಯಲ್ಲಿಟ್ಟು ತೂಗಿ ನೋಡಿದ, ಆ ತೂಕ ಅವನ ಕೈಗೆ ಪರಿಚಿತವೇನೋ ಎಂಬಂತೆ. ನಾನು ಒಳಗಿನಿಂದ ಅವನ ಉಸಿರು ಕೇಳುತ್ತಿದ್ದೆ.

“ಅಪ್ಪನ್ನ ಕೂಗು ಮಗಾ, ಕೆಳಗಿಳಿದು ಬಾ ಅನ್ನು,” ಎಂದು ಸಾಕಮ್ಮ ಮಗುವಿಗೆ ಹೇಳಿಕೊಡುತ್ತಿದ್ದಳು.

ಲೋಹಿತ ಡಬ್ಬದ ಧೂಳನ್ನು ತೋಳಿನಿಂದ ಒರೆಸಿ, ನನ್ನನ್ನು ಮೊದಲಿಗಿಂತ ಒಳಗೆ, ಮೂಲೆಯಲ್ಲಿ ಇಟ್ಟು ಇಳಿದುಹೋದ.