ನೋಡಿದ್ದೋ, ಅಂದುಕೊಂಡಿದ್ದೋ

ನನ್ನ ಅತ್ತಿಗೆಗೆ ಯಾರು ಏನೇ ಹೇಳಲಿ, ಮಾತು ಮುಗಿಯುವ ಮೊದಲೇ ಅವರ ಎಡಗಣ್ಣು ತುಸು ಕಿರಿದಾಗುತ್ತದೆ, ಕತ್ತು ಒಂದು ಪಕ್ಕಕ್ಕೆ ವಾಲುತ್ತದೆ, ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ: "ನೋಡಿದ್ದೋ, ಅಂದ್ಕೊಂಡಿದ್ದೋ?" ಬಸ್ಸು ಹೋಯಿತೆಂದರೂ ಅದೇ, ಹಾಲು ಕೆಟ್ಟಿದೆಯೆಂದರೂ ಅದೇ, ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾಯಿತಂತೆ ಎಂದು ನನ್ನ ತಾಯಿ ಸಂಭ್ರಮದಿಂದ ಹೇಳಿದರೂ ಅದೇ. ಒಮ್ಮೆ ಅಮ್ಮ ರೇಗಿ, "ನನಗೆ ಹಸಿವಾಗ್ತಿದೆ ಕಣಮ್ಮ, ಇದನ್ನ ಯಾರ ಹತ್ರ ನೋಡಿಸ್ಕೊಂಡು ಬರ್ಲಿ?" ಎಂದಿದ್ದರು. ಅತ್ತಿಗೆ ನಕ್ಕು ತಟ್ಟೆ ಹಾಕಿದರು. ಅಭ್ಯಾಸವನ್ನು ಮಾತ್ರ ಬಿಡಲಿಲ್ಲ.

ಅವರು ದೊಡ್ಡದೊಂದು ಆಸ್ಪತ್ರೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಯಂತ್ರಗಳ ಕೋಣೆಯನ್ನು ಸದಾ ತಣ್ಣಗಿಡುವುದರಿಂದ ಬೂದು ಬಣ್ಣದ ಉಣ್ಣೆಯ ಕೋಟೊಂದು ಅವರ ಮೈಗೆ ಅಂಟಿಕೊಂಡುಬಿಟ್ಟಿದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಅದನ್ನು ಕಳಚುವ ನೆನಪಾಗದೆ, ಅದರ ಜೋತುಬಿದ್ದ ಜೇಬುಗಳಲ್ಲಿ ಸ್ಕ್ರೂಡ್ರೈವರು, ಪೆನ್‌ಡ್ರೈವು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣಗಳನ್ನು ಕುಲುಕಿಸುತ್ತ, ತುಂಬಿದ ಕೊಡ ಹೊತ್ತವರಂತೆ ಅಳೆದಳೆದು ಹೆಜ್ಜೆಯಿಡುತ್ತ ಅವರು ಮನೆಗೆ ಬರುವುದನ್ನು ಬೀದಿಯ ತುದಿಯಿಂದಲೇ ಗುರುತಿಸಬಹುದು. ಬಾಗಿಲು ತೆರೆದೇ ಇದ್ದರೂ ಒಮ್ಮೆ ಕೈಯಿಂದ ತಳ್ಳಿ ನೋಡಿಯೇ ಒಳಗೆ ಕಾಲಿಡುವವರು ಅವರು.

ಇಂಥ ಸ್ವಭಾವಕ್ಕೆ ಅವರ ವೃತ್ತಿಯಲ್ಲಿ ಒಂದು ನಿತ್ಯವಿಧಿಯೇ ಉಂಟು. ಯಾವ ಕಂಪ್ಯೂಟರನ್ನು ಮುಟ್ಟುವ ಮೊದಲೂ ಅದರೊಳಗಿನ ಆಪರೇಟಿಂಗ್ ಸಿಸ್ಟಂ ಯಾವ ಪದ್ಧತಿಯಲ್ಲಿ ಸ್ಥಾಪನೆಗೊಂಡಿದೆ ಎಂದು ಅವರು ಪರೀಕ್ಷಿಸುತ್ತಾರೆ. ಯಂತ್ರ ಹೊತ್ತಿಕೊಂಡಾಗ ಸಿಸ್ಟಂ ಅನ್ನು ಎಬ್ಬಿಸುವ ಪದ್ಧತಿಗಳು ಎರಡು: ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಯಂತ್ರ ಹೊಸದೆಂದ ಮಾತ್ರಕ್ಕೆ ಒಳಗಿರುವುದೂ ಹೊಸ ಪದ್ಧತಿಯದೇ ಆಗಿರಬೇಕೆಂದೇನಿಲ್ಲ. ಹಾಕಿದವನು ಹಳೆಯ ರೀತಿಯಲ್ಲಿ ಹಾಕಿದ್ದರೆ ಅದು ಹಳೆಯ ರೀತಿಯಲ್ಲಿ ಕರೆದರೆ ಮಾತ್ರ ಎದ್ದೇಳುತ್ತದೆ. "ಮುದ್ದಿನ ಹೆಸರಿಗೆ ಒಗ್ಗಿಹೋದ ಮಗು ಥರ ಕಣೋ," ಎಂದು ಅವರು ಒಮ್ಮೆ ನನಗೆ ತಿಳಿಯಹೇಳಿದ್ದರು. "ಶಾಲೆ ಹೆಸರು ಹಿಡಿದು ಕೂಗಿದ್ರೆ ಮಗ್ಗುಲು ಬದಲಾಯಿಸತ್ತೆ ಅಷ್ಟೆ." ತಿಳಿಯುವ ಉಪಾಯವೇನೂ ಬ್ರಹ್ಮವಿದ್ಯೆಯಲ್ಲ: ಸಿಸ್ಟಂ ಇನ್‌ಫರ್ಮೇಶನ್ ಎಂಬ ಪುಟವನ್ನು ತೆರೆದು, ಬಯೋಸ್ ಮೋಡ್ ಎಂಬ ಸಾಲಿನ ಎದುರಿಗೆ ಏನಿದೆಯೋ ಅದನ್ನು ಓದಬೇಕು. ಅಷ್ಟು ಓದುವುದಕ್ಕೂ ಜನಕ್ಕೆ ಸೋಮಾರಿತನವೆಂಬುದು ಅವರ ಬಹುಕಾಲದ ದುಃಖ.

ಆ ಜನರಲ್ಲಿ ಅಗ್ರಗಣ್ಯನು ಅವರ ಪತಿ, ಅಂದರೆ ನನ್ನ ಅಣ್ಣ. ಅವನು ಅನುವಾದಕ. ಒಂದು ಪದದ ಛಾಯೆಗಾಗಿ ಇಡೀ ಬೆಳಗ್ಗೆ ಕಳೆಯಬಲ್ಲವನು ಉಳಿದ ಪ್ರಪಂಚವನ್ನೆಲ್ಲ ಅಂದಾಜಿನ ಮೇಲೆ ನಡೆಸುತ್ತಾನೆ. ಮದುವೆಯಾದ ಹೊಸತರಲ್ಲಿ ಅತ್ತಿಗೆಯ ಪ್ರಶ್ನೆಗೆ ತಬ್ಬಿಬ್ಬಾಗುತ್ತಿದ್ದ. ಬರಬರುತ್ತ ಅದಕ್ಕೊಂದು ಮದ್ದು ಕಂಡುಕೊಂಡ. ಅವರು ಕೇಳುವ ಮೊದಲೇ "ನೋಡ್ದೆ" ಎಂದುಬಿಡುವುದು. ಗ್ಯಾಸ್ ಆರಿಸಿದ್ದೀರಾ? ನೋಡ್ದೆ. ಬರೆದದ್ದಕ್ಕೆ ಇನ್ನೊಂದು ಪ್ರತಿ ಇಟ್ಟಿದ್ದೀರಾ? ನೋಡ್ದೆ, ಇದೆ. ಆ ಪ್ರತಿ ಹಿಂದಿನ ವರ್ಷದ್ದೆಂಬುದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ನಾನು ಅವನ ಕೋಣೆಯಲ್ಲಿ ಕೂತು ಪತ್ರಿಕೆ ತಿರುವುತ್ತಿದ್ದೆ. ಅವನಿಗೆ ಬೇಕಿದ್ದ ಹೊಸ ಆಪರೇಟಿಂಗ್ ಸಿಸ್ಟಂ ಯುಇಎಫ್‌ಐ ಪದ್ಧತಿಯನ್ನೇ ಬೇಡುತ್ತಿತ್ತು. ಅತ್ತಿಗೆ ಆಸ್ಪತ್ರೆಯಿಂದ ಫೋನಿನಲ್ಲಿ ದಾರಿ ಹೇಳುತ್ತಿದ್ದರು. ಮೊದಲು ಆ ಸಾಲನ್ನು ಓದಿ ಎಂದರು. ಅಣ್ಣ ಪುಟವನ್ನು ತೆರೆಯಲೇ ಇಲ್ಲ. "ನೋಡ್ದೆ, ಯುಇಎಫ್‌ಐ ಅಂತಾನೇ ಇದೆ," ಎಂದ. ಹಾಗಿದ್ದರೆ ಯಂತ್ರದ ಸೆಟ್ಟಿಂಗಿಗೆ ಹೋಗಿ ಹಳೆಯ ಪದ್ಧತಿಯ ಆಯ್ಕೆಯನ್ನು ಮುಚ್ಚಿಬಿಡಿ ಎಂದರು ಅವರು, ಮುಚ್ಚಿದ. ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು; ಕಪ್ಪು ಪರದೆಯ ಮೇಲೆ, ಎಬ್ಬಿಸಲು ಏನೂ ಸಿಗುತ್ತಿಲ್ಲವೆಂಬ ಒಂದೇ ಒಂದು ಬಿಳಿ ಸಾಲು.

ಅಣ್ಣನ ಮುಖ ಬಿಳಿಚಿಕೊಂಡಿತು. ಒಂದಿಡೀ ವರ್ಷದ ಅನುವಾದ ಆ ಡಿಸ್ಕಿನೊಳಗೆ ಮಾತ್ರ ಇತ್ತು. ಗಾಬರಿಯಲ್ಲಿ ಅವನು, ಹೊಸ ಸಿಸ್ಟಂ ತುಂಬಿ ಅತ್ತಿಗೆ ಕೊಟ್ಟಿದ್ದ ಪೆನ್‌ಡ್ರೈವನ್ನು ಚುಚ್ಚಿದ. ಈ ಡಿಸ್ಕಿನ ಮೇಲೆ ಹೊಸದನ್ನು ಹಾಕಲಾಗದು ಎಂದಿತು ಅದು. ಹಳೆಯ ವಿಭಾಗಗಳನ್ನೆಲ್ಲ ಅಳಿಸುವ ಗುಂಡಿಯನ್ನೂ ತಾನೇ ತೋರಿಸಿತು. "ಅಳಿಸು ಅನ್ನತ್ತೆ ಕಣೆ, ಒತ್ತಿಬಿಡ್ಲಾ?" ಎಂದ ಫೋನಿಗೆ. ಅವನ ಬೆರಳು ಆಗಲೇ ಮೌಸಿನ ಮೇಲಿತ್ತು.

"ತಡೀರಿ. ಆ ಸಾಲು ಓದಿದ್ರಿ ತಾನೆ?"

"ನೋಡ್ದೆ ಅಂದ್ನಲ್ಲ! ಎಷ್ಟು ಸಲ ಹೇಳೋದು ನಿಂಗೆ?"

ಅಣ್ಣ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅವನು ನಿಜಕ್ಕೂ ನೋಡಿದ್ದರೆ ಡಿಸ್ಕೇ ಸತ್ತಿದೆ ಎಂದರ್ಥ. ನೋಡಿರದಿದ್ದರೆ ಒಳಗಿರುವುದು ಹಳೆಯ ಪದ್ಧತಿಯದಿರಬಹುದು ಅಷ್ಟೆ; ಏನೂ ಕೆಟ್ಟಿಲ್ಲ, ಎಲ್ಲವೂ ಮೊದಲಿನಂತೆಯೇ ಒಳಗೆ ಮಲಗಿದೆ. ಸತ್ಯ ಬಲ್ಲವನೂ ಅವನೇ, ಬಾಯಿ ಬಿಡಲಾಗದವನೂ ಅವನೇ. ನಾನಾದರೂ ಹೇಳಬಹುದಿತ್ತು; ಗಂಡ ಹೆಂಡಿರ ನಡುವೆ ತಲೆಹಾಕುವುದೇಕೆಂದು ಪತ್ರಿಕೆಯತ್ತ ಮುಖ ತಿರುಗಿಸಿದೆ. ಫೋನಿನ ಆ ಕಡೆ ಯಂತ್ರಗಳು ಗುಂಯ್‌ಗುಟ್ಟುತ್ತಿದ್ದವು. ಈಗ ಬರುತ್ತದೆ ಆ ಪ್ರಶ್ನೆ ಎಂದು ನಾನು ಕಾದೆ.

"ಹೋಗ್ಲಿ ಬಿಡಿ," ಎಂದರು ಅತ್ತಿಗೆ, ಮೆಲ್ಲಗೆ. "ನಾನೇ ಏನೋ ತಪ್ಪು ಹೇಳಿರ್ಬೇಕು. ಏನೂ ಒತ್ತಬೇಡಿ. ಪೆನ್‌ಡ್ರೈವ್ ಕಿತ್ತು, ಆಗ ಮುಚ್ಚಿದ ಆಯ್ಕೇನ ಮತ್ತೆ ತೆರೀರಿ."

ತೆರೆದ. ಯಂತ್ರ ಎದ್ದಿತು, ಅವನ ಕಡತಗಳು, ಅಧ್ಯಾಯಗಳು, ಅರ್ಧಕ್ಕೆ ನಿಂತ ವಾಕ್ಯದ ಸಮೇತ ಎಲ್ಲವೂ ಬಂದವು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಅಣ್ಣ ಯಾರೂ ಹೇಳದೆ ತಾನೇ ಸಿಸ್ಟಂ ಇನ್‌ಫರ್ಮೇಶನ್ ಪುಟವನ್ನು ತೆರೆದು ಆ ಸಾಲನ್ನು ಓದಿದ. ಲೆಗಸಿ ಎಂದಿತ್ತು.

ಸಂಜೆ ಅತ್ತಿಗೆ ಬಂದು ಚಪ್ಪಲಿ ಕಳಚುತ್ತಿರುವಾಗಲೇ ಅವನು ಬಾಗಿಲಿಗೆ ಹೋಗಿ ನಿಂತ.

"ನಾನು ನೋಡಿರ್ಲಿಲ್ಲ ಕಣೆ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನೀವು ಕೂಗಿದ್ರಲ್ಲ, ಆಗ. ನೋಡಿರೋರು ಕೂಗಲ್ಲ ರೀ, ಏನಿದೆಯೋ ಅದನ್ನ ಇನ್ನೊಂದ್ಸಲ ಓದಿ ಹೇಳ್ತಾರೆ."

"ಮತ್ತೆ ತಪ್ಪು ನಿಂದೇ ಅಂತ ಯಾಕಂದೆ?"

ಅತ್ತಿಗೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. "ನಂದೂ ಇದೆಯಲ್ಲ. ಕಟ್ಕೊಂಡ ಹೆಂಡ್ತಿ ಹತ್ರ 'ನೋಡ್ಲಿಲ್ಲ' ಅನ್ನೋಕೆ ನೀವು ಹೆದರೋ ಹಾಗಾಗಿದೆ ಅಂದ್ರೆ, ನಾನು ಇಷ್ಟು ವರ್ಷ ಕೇಳಿದ್ದೆಲ್ಲ ದಂಡ."

ನಿಖರತೆಯನ್ನೇ ವ್ರತವಾಗಿ ಹಿಡಿದವರೊಡನೆ ಬಾಳುವುದು ಸುಲಭವಲ್ಲ. ಅವರ ಕಾಟಕ್ಕೆ ನಾವು ಬೆನ್ನ ಹಿಂದೆ ನಗುತ್ತೇವೆ, ಎದುರಿಗೆ ಸಿಡುಕುತ್ತೇವೆ, ಅವರ ಹೃದಯದಲ್ಲಿ ಮನುಷ್ಯರಿಗಿಂತ ವಾಸ್ತವಾಂಶಗಳಿಗೇ ಹೆಚ್ಚು ಜಾಗವೆಂದು ತೀರ್ಮಾನಿಸಿಬಿಡುತ್ತೇವೆ. ಆದರೆ ತಾನು ಗೆಲ್ಲಬೇಕೆಂದು ಸತ್ಯವನ್ನು ಹುಡುಕುವವನು ಅದು ಸಿಕ್ಕೊಡನೆ ಎದುರಿಗಿದ್ದವನ ತಲೆಯ ಮೇಲೆ ಕುಟ್ಟುತ್ತಾನೆ. ನನ್ನ ಅತ್ತಿಗೆಯಂಥವರಿಗೆ ಬೇಕಾದದ್ದು ಗೆಲುವಲ್ಲ, ಇನ್ನೊಬ್ಬರ ಒಂದು ವರ್ಷದ ಶ್ರಮ ಒಂದು ಗುಂಡಿ ಒತ್ತಿದ್ದಕ್ಕೆ ಹಾಳಾಗಬಾರದೆಂಬುದು. ಅದು ಉಳಿಯುವುದಾದರೆ ತಪ್ಪು ತಮ್ಮದೆಂದು ಒಪ್ಪಿಕೊಳ್ಳಲು ಅವರು ಒಂದು ಕ್ಷಣವೂ ಹಿಂದುಮುಂದು ನೋಡುವುದಿಲ್ಲ.